ಕಡಲ ತಳದ ಕೆಂಪಿ

ಬಾ ದುಗ್ಗಿ, ಈ ಅಜ್ಜಿ ಸೆರಗಲ್ಲಿ ಸೇರ್ಕೊ. ಕತ್ತಲಂದ್ರೆ ಹೆದರ್ತೀಯಲ್ಲ, ಕೆಂಪಿ ಕತೆ ಕೇಳು.

ಒಂದಾನೊಂದು ಕಾಲದಲ್ಲಿ, ನೀರಿಗಿನ್ನೂ ಉಪ್ಪು ಸೇರದ ಕಾಲದಲ್ಲಿ, ಕಡಲಮ್ಮನಿಗೆ ಮೂವರು ಹೆಣ್ಮಕ್ಕಳಿದ್ರಂತೆ. ದೊಡ್ಡವಳ ಮನೆ ನೀರಿನ ಮೇಲ್ಗಡೆ, ಬಿಸಿಲಿಗೆ ಪಾಚಿ ಬೆಳೆದು ಊಟಕ್ಕೇನೂ ಕಮ್ಮಿ ಇಲ್ಲ. ನಡುವಿನವಳು ನಡುನೀರಲ್ಲಿ, ಅಕ್ಕನ ಮನೆಯಿಂದ ಉದುರಿದ್ದನ್ನ ತಿಂದ್ಕೊಂಡು ಇದ್ಳಂತೆ. ಕಿರಿಯವಳು ಕೆಂಪಿ, ಅವಳಿಗೆ ಉಳಿದಿದ್ದು ತಳ. ಅಲ್ಲಿ ಬಿಸಿಲೇ ಇಲ್ಲ, ಮೈ ಕೊರೆಯೋ ಚಳಿ, ಮನೆ ತುಂಬ ಏಡಿಮರಿ ಸಿಗಡಿಮರಿ ಅಂತ ಮಕ್ಕಳು. ಹಸಿದ ಮಕ್ಕಳನ್ನ ಬರೀ ಜೋಗುಳ ಹಾಡಿ ಮಲಗಿಸ್ತಿದ್ಳಂತೆ ಪಾಪ.

ಒಂದಿನ ಮಕ್ಕಳಿಗೆ ಅಳೋಕೂ ತ್ರಾಣ ಇಲ್ಲದಂಗಾಯ್ತಂತೆ. ಕೆಂಪಿ ದೊಡ್ಡಕ್ಕನ ಹತ್ರ ಹೋಗಿ ಒಂದು ಹಿಡಿ ಬಿಸಿಲು ಕೊಡೇ ಅಂದ್ಳಂತೆ, ಅವಳು ಕೊಟ್ಳು, ಅದು ದಾರೀಲೇ ಆರಿಹೋಯ್ತಂತೆ. ಆಮೇಲೆ ನಡುವಿನಕ್ಕನ ಹತ್ರ ಹೋದ್ರೆ, ನಮಗೇ ಸಾಲಲ್ಲ ಕಣೇ ಅಂತ ಒಂದೇ ತುತ್ತು ಕೊಟ್ಳಂತೆ. ಆಮೇಲೆ ಮನೆಗೆ ಬಂದ್ರೆ, ಬಾಗಿಲಲ್ಲಿ ಸಾಸಿವೆಗಿಂತ ಸಣ್ಣ ಜೀವಗಳು ನಡುಗ್ತಾ ಕೂತಿದ್ವಂತೆ. ನಮ್ಮನೇಲಿ ಬಾಗಿಲಿಗೆ ಬಂದವರಿಗೆ ಕೊಟ್ಟೇ ಉಣ್ಣೋದಲ್ವಾ, ಕೆಂಪಿಗೂ ಅದೇ ಅಭ್ಯಾಸ. ಮಕ್ಕಳ ಮುಖ ನೋಡಿದ್ಳು, ಆದ್ರೂ ಆ ತುತ್ತಲ್ಲೇ ಅರ್ಧ ಚಾಚಿದ್ಳಂತೆ.

ತಾಯೀ, ತುತ್ತು ಬೇಡ, ಹಿತ್ತಲಲ್ಲಿ ನೆಲ ಬಿರಿದು ಕಪ್ಪು ಬಿಸಿನೀರು ಉಕ್ತಿತ್ತಲ್ಲ, ಅದಕ್ಕೆ ಯಾಕೆ ಕಲ್ಲು ಮುಚ್ಚಿದೆ ಅಂದ್ವಂತೆ ಆ ಸಣ್ಣ ಜೀವಗಳು. ಕೊಳೆತ ಮೊಟ್ಟೆ ನಾತ ಕಣ್ರಪ್ಪಾ, ಮಕ್ಕಳಿರೋ ಮನೆ ಅಂದ್ಳಂತೆ ಕೆಂಪಿ. ಅಯ್ಯೋ, ಅದೇ ನಮ್ಮ ಒಲೆ, ಆ ನಾತದಲ್ಲೇ ನಮ್ಮ ಅಡುಗೆ! ಕಲ್ಲು ತೆಗಿ, ನಿನ್ನ ಹೊಟ್ಟೇಲಿ ಜಾಗ ಕೊಡು, ಮಕ್ಕಳಿಗೆಲ್ಲ ಬೇಯಿಸಿ ಹಾಕ್ತೀವಿ. ಆದ್ರೆ ಹಸಿದ ಬಾಯಿ ನಮ್ಮನ್ನೇ ನುಂಗೀತು, ನಿನ್ನ ಬಾಯಿ ಬಿಟ್ಟುಕೊಡ್ಬೇಕು ಅಂದ್ವಂತೆ.

ಬಾಯಿ ಹೋದ್ರೆ ಜೋಗುಳವೂ ಹೋಯ್ತಲ್ಲ ದುಗ್ಗಿ. ಕೆಂಪಿಗೆ ಅದೊಂದೇ ಸಂಕಟ. ಮಕ್ಕಳನ್ನ ಸುತ್ತ ಕೂರಿಸ್ಕೊಂಡು, ಬರೋ ಹಾಡನ್ನೆಲ್ಲ ಒಂದ್ಸಲ ಹಾಡಿದ್ಳಂತೆ. ಆಮೇಲೆ ಕಲ್ಲು ಸರಿಸಿದ್ಳು, ಆ ಸಣ್ಣ ಜೀವಗಳನ್ನ ಹೊಟ್ಟೇಲಿ ಸೇರಿಸ್ಕೊಂಡು ಬಾಯಿ ಕೊಟ್ಳಂತೆ.

ಕಪ್ಪು ನೀರು ಭುಸ್ಸಂತ ಎದ್ದು ಮನೆಯೆಲ್ಲ ಬೆಚ್ಚಗಾಯ್ತಂತೆ. ಬಿಸಿಲಿಲ್ಲದ ಜಾಗದಲ್ಲಿ ಮಕ್ಕಳು ಅವತ್ತೇ ಮೊದಲು ಹೊಟ್ಟೆ ತುಂಬ ಉಂಡಿದ್ದಂತೆ. ಬಾಯಿ ಇದ್ದ ಕಡೆ ಕೆಂಪಿಗೆ ಕೆಂಪು ಗರಿ ಬಂತು. ಹಾಡೋಕಾಗಲ್ಲ, ಆ ಗರೀನೇ ಆಚೆ ಈಚೆ ತೂಗ್ತಾಳಂತೆ, ಕತ್ತಲಲ್ಲಿ ಆ ನೀರಿನ ಅಲುಗಾಟ ಮೈಗೆ ತಾಗಿದ್ರೆ ಸಾಕು, ಮಕ್ಕಳು ಅಮ್ಮ ಇದ್ದಾಳೆ ಅಂತ ನಿದ್ದೆ ಹೋಗ್ತಾವಂತೆ.

ಅವರೂ ಮಲಗಿದ್ರು, ನಮ್ಮ ಕತೇನೂ ಮುಗೀತು. ನಂಗಿನ್ನೂ ಬಾಯಿದೆ ಮಗಾ, ಹಾಡ್ತೀನಿ. ಕಣ್ಮುಚ್ಚು.