ಏಣಿಯ ಉದ್ಘಾಟನೆ

ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗಳಿಗೆ ಅಗ್ಗದ ಮಾಲೆಂದರೆ ಪ್ರಾಣ. ಬೀದಿದೀಪದ ಕಂಬ ಹತ್ತಲು ಇಡೀ ಪೇಟೆಯಲ್ಲೇ ಕಡಿಮೆ ಬೆಲೆಯ ಏಣಿ ತರಿಸಿದರು. ಹಸಿ ಬಿದಿರು, ಮೆಟ್ಟಿಲು ಬಿಗಿದದ್ದು ಬರೀ ತೆಳು ತಂತಿಯಲ್ಲಿ.

"ಇದು ನನ್ನ ಭಾರ ತಡೆಯಲ್ಲ ಸಾರ್," ಎಂದ ದೀಪ ಹಾಕುವವನು.

"ಸೋಮಾರಿ! ಹತ್ತದಿದ್ರೆ ಕೆಲಸ ಬಿಡು!"

ಅವನಿಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಇಂಥದೇ ಏಣಿಯಿಂದ ಬಿದ್ದ ಜೊತೆಗಾರ ಇನ್ನೂ ಕುಂಟುತ್ತಿದ್ದ. ಪಂಚಾಯಿತಿ ಭರಿಸಿದ ಅವನ ಆಸ್ಪತ್ರೆ ಖರ್ಚಿನಲ್ಲಿ ಎಷ್ಟೋ ಗಟ್ಟಿ ಏಣಿ ಬರುತ್ತಿದ್ದವು. ಆದರೂ ಕೈಮುಗಿದು, "ಉದ್ಘಾಟನೆ ನಿಮ್ಮ ಕೈಯಿಂದಲೇ ಆಗ್ಲಿ ಸಾರ್," ಎಂದ. ಕಸದ ಡಬ್ಬಿಗೂ ರಿಬ್ಬನ್ ಕಟ್ಟಿಸಿ ಕತ್ತರಿಸಿದ್ದ ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

ಮರುದಿನ ಊರವರೆಲ್ಲ ಸೇರಿದರು. ಸಾಹೇಬರು ಕತ್ತರಿ ಹಿಡಿದು ನೋಡುತ್ತಾರೆ, ಕಂಬಕ್ಕೆ ಒರಗಿಸಿದ ಏಣಿಯ ತುತ್ತತುದಿಯಲ್ಲಿದೆ ರಿಬ್ಬನ್! ಜನರೆದುರು ಹಿಂಜರಿಯುವಂತಿಲ್ಲ. ಎರಡು ಮೆಟ್ಟಿಲು ಹತ್ತಿದರು. ಏಣಿ ಕಿರ್ರೆಂದು ಬಾಗಿತು.

"ಅಯ್ಯಯ್ಯೋ, ಹಿಡ್ಕೊಳ್ರೋ! ಇದರ ಮೇಲೆ ಮನುಷ್ಯರು ಹತ್ತೋದುಂಟೇನ್ರೋ!" ಎಂದು ಸಾಹೇಬರು ಕಿರುಚಿದರು.

ದೀಪ ಹಾಕುವವನು ಅವರನ್ನು ಮೆಲ್ಲಗೆ ಇಳಿಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದ:

"ನಿನ್ನೆ ನನಗೆ ಹತ್ತು ಅಂದ್ರಲ್ಲ ಸಾರ್, ನಾನೇನು ಮನುಷ್ಯ ಅಲ್ವಾ?"