ತೂಗಲೂರನ್ನು ಹಗುರ ಮಾಡಿದ ಒಂಬತ್ತು ಹಾಡು

ಒಂದಾನೊಂದು ಊರು, ಅದರಾಚೆ ಇನ್ನೊಂದೂರು, ಆ ಇನ್ನೊಂದೂರಿಗೆ ಬೆನ್ನು ಹಾಕಿ ಕೂತಿದ್ದ ಊರೇ ತೂಗಲೂರು. ಹತ್ತಿರ ಬಂದು ಕೂತ್ಕೊಳ್ಳಿ. ಇದು ಕೂಗಿ ಹೇಳೋ ಕತೆಯಲ್ಲ.

ತೂಗಲೂರಿನ ರಾಜನಿಗೆ ತೂಗುವ ಹುಚ್ಚು. ಅನ್ನ ತೂಗಿ ಉಣ್ಣುತ್ತಿದ್ದ, ಉಂಡು ತನ್ನನ್ನು ತೂಗಿಕೊಳ್ಳುತ್ತಿದ್ದ. ಆಕಳಿಕೆ ಬಂದರೆ ಬಾಯಿ ತೆರೆದುಕೊಂಡೇ ಓಡಿಹೋಗಿ, ತಕ್ಕಡಿಯಲ್ಲಿ ಕೂತು, ಅಲ್ಲಿ ಆಕಳಿಕೆ ಮುಗಿಸುತ್ತಿದ್ದ. ರಾಣಿ ತೀರಿಕೊಂಡ ದಿನ ಮೊದಲು ಕಣ್ಣೀರು ತೂಗಿಸಿದ, ಆಮೇಲೆ ಕಣ್ಣೊರೆಸಿಕೊಂಡ. ಅವನ ತಕ್ಕಡಿ ಆನೆಯಷ್ಟು ದೊಡ್ಡದು. ಅದಕ್ಕೆ ಮಾತೂ ಬರುತ್ತಿತ್ತು. ಹಾಗಾಗಿ ಆ ಊರಿಗೆ ಬೇರೆ ಮಂತ್ರಿ ಇರಲಿಲ್ಲ.

ಊರಿನ ಒಟ್ಟು ತೂಕ ಹೆಚ್ಚಲೂ ಕೂಡದು, ತಗ್ಗಲೂ ಕೂಡದು. ಅದೇ ಕಾನೂನು. ಮಗು ಹುಟ್ಟಿತೋ, ಅಷ್ಟು ತೂಕದ ಕಲ್ಲನ್ನು ಗಡಿಯಾಚೆ ಎಸೆಯಬೇಕು. ಯಾರಾದರೂ ಸತ್ತರೋ, ಅಷ್ಟು ತೂಕದ ಕಲ್ಲನ್ನು ಒಳಗೆ ತರಬೇಕು. ಆ ಊರಿನ ಸಾವಿನ ಮನೆಯಲ್ಲಿ ಅಳುವವರಿಗಿಂತ ಕಲ್ಲು ಹೊರುವವರೇ ಜಾಸ್ತಿ.

ಈ ಊರಲ್ಲಿ ಕೆಂಚಿ ಅಂತ ಒಬ್ಬ ಹುಡುಗಿ. ಹತ್ತೊಂಬತ್ತು ವರ್ಷ. ಊರ ಹೊರಗಿನ ಹಾಳುಬಿದ್ದ ಸುಣ್ಣದ ಗೂಡಿನಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದಳು. ಜೊತೆಗೆ ಇಬ್ಬರು. ಉಗ್ರಪ್ಪ ಬಾಸ್ ಗಿಟಾರು ನುಡಿಸುತ್ತಿದ್ದ. ಹೆಸರಷ್ಟೇ ಉಗ್ರ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಪ್ರಾಣಿ. ಡ್ರಮ್ಮು ಬಾರಿಸುವವನು ಓಬಣ್ಣ. ಅವನನ್ನು ಸಾಕಿದ್ದು ಅಕ್ಕ, ದುರುಗಕ್ಕ. ಎರಡು ವರ್ಷದ ಹಿಂದೆ ಅವಳು ಜ್ವರ ಬಂದು ಹೋಗಿಬಿಟ್ಟಳು. ಅವಳ ತೂಕದ ಕಲ್ಲನ್ನು ತಂದು ಮನೆ ಮುಂದೆ ಇಳಿಸಿ ಹೋದರು. ಓಬಣ್ಣ ಆ ಕಲ್ಲಿನ ಎದುರು ಕೂತು, ಎರಡು ಕೋಲಿನಲ್ಲಿ ಬಡಿದು ಬಡಿದೇ ತಾಳ ಕಲಿತ.

ಮೂವರದು ಪಾಪ್-ಪಂಕ್ ತಂಡ. ಹಾಗಂದ್ರೇನು ಅಂತೀರಾ? ಪಾಪ್ ಅಂದ್ರೆ ಮಕ್ಕಳು ಗುನುಗುವಂಥದ್ದು. ಪಂಕ್ ಅಂದ್ರೆ ಅಪ್ಪಂದಿರು ಬೈಯುವಂಥದ್ದು. ಎರಡೂ ಸೇರಿದರೆ, ಗುನುಗಿ ಗುನುಗಿ ಬೈಸಿಕೊಳ್ಳುವಂಥದ್ದು.

ಮೂವರೂ ಸೇರಿ ಮೊದಲ ಆಲ್ಬಮ್ ಮಾಡಿದರು. ಒಂದು ಕರೀ ಪ್ಲೇಟಿನಲ್ಲಿ ಒಂಬತ್ತು ಹಾಡು, ಒಟ್ಟು ಹದಿನೇಳು ನಿಮಿಷ. 'ಅವ್ವಾ ನಾ ಬರೋದು ಲೇಟು' ಅಂತ ಒಂದು. 'ಹಲ್ಲುನೋವು' ಅಂತ ಒಂದು. 'ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ' ಅಂತ ಇನ್ನೊಂದು. ಎಲ್ಲವೂ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡುವ ಹಾಡುಗಳು. ಒಂಬತ್ತನೆಯದು 'ದುರುಗಕ್ಕ'. ಅದೂ ಓಡುತ್ತಿತ್ತು. ಆದರೆ ಓಡುತ್ತಾ ತಿರುತಿರುಗಿ ನೋಡುತ್ತಿತ್ತು.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಗ್ರಾಮಫೋನ್ ಇಟ್ಟು ಪ್ಲೇಟು ಹಾಕಿದರು. ನೀರಿಗೆ ಬಂದವರು ಕೊಡ ಇಳಿಸಿದರು. ಮೊದಲ ಹಾಡಿಗೆ ನಕ್ಕರು. ಮೂರನೆಯದಕ್ಕೆ ಕುಣಿದರು. ಒಂಬತ್ತನೆಯದಕ್ಕೆ ಕುಣಿಯುತ್ತಲೇ ಅತ್ತರು. ಎಲ್ಲರಿಗಿಂತ ಹೆಚ್ಚು ಕುಣಿದದ್ದು ಸಣ್ಣೀರಮ್ಮ ಅನ್ನೋ ಮುದುಕಿ. ನಲವತ್ತು ವರ್ಷದ ಹಿಂದೆ ಗಂಡ ಸತ್ತ ಮೇಲೆ ಅವಳು ಜೋರಾಗಿ ಕೆಮ್ಮಿದ್ದನ್ನೂ ಯಾರೂ ಕೇಳಿರಲಿಲ್ಲ. ಅವಳು ಕೆಂಚಿಯ ಗಲ್ಲ ಹಿಡಿದು ಅಂದಳು:

"ನಿನ್ನ ಬಾಯಿಗೆ ಸಕ್ಕರೆ ಹಾಕ. ಎದೆ ಹಗುರಾಯ್ತು ಕಣವ್ವ."

ಎಲ್ಲರೂ ಅದೇ ಅಂದರು. "ಹಗುರಾಯ್ತು!" "ನಂಗೂ ಹಗುರಾಯ್ತು!" ಮೂರು ದಿನ ಊರ ತುಂಬ ಅದೇ ಪ್ಲೇಟು, ಅದೇ ಮಾತು. ಕೆಂಚಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕನೆಯ ದಿನ ಸಣ್ಣೀರಮ್ಮನ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಕೆಂಚಿಯದು ಮಾತಿಗೆ ಅಂದದ್ದು. ಮುದುಕಿಯದು ನಿಜ. ಅಂಗಳ ಗುಡಿಸುತ್ತಿದ್ದವಳು ಪೊರಕೆ ಸಮೇತ ಮೇಲೆ ಹೋಗಿ ಸೂರಿನ ತೊಲೆಗೆ ತಾಗಿ ನಿಂತಳು. ಅಕ್ಕಪಕ್ಕದವರು ಸೆರಗು ಹಿಡಿದು ಎಳೆದು, ಒರಳುಕಲ್ಲಿಗೆ ಕಟ್ಟಿಹಾಕಿದರು.

ಸುದ್ದಿ ಅರಮನೆಗೆ ಹೋಯಿತು. ರಾಜ ಊಟದ ತಟ್ಟೆ ಬಿಟ್ಟು ಎದ್ದ. "ಹಗುರಾದ್ರಾ? ನನ್ನನ್ನು ಕೇಳದೆ?"

ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗಿಸಿದ. ಒಬ್ಬರಲ್ಲಿ ಒಂದು ಸೇರು ಕಮ್ಮಿ, ಒಬ್ಬರಲ್ಲಿ ಅರ್ಧ ಸೇರು ಕಮ್ಮಿ. ಒಟ್ಟು ನಾಲ್ಕು ಮಣ ಕಮ್ಮಿ. ಪ್ಲೇಟು ತೂಗಿದ. ಅದು ಮೊದಲಿದ್ದಷ್ಟೇ ಇತ್ತು.

"ಈ ಪ್ಲೇಟಿಂದ ಒಂಬತ್ತು ಹಾಡು ಹೊರಗೆ ಬಂತು. ಆದ್ರೂ ಪ್ಲೇಟು ಹಗುರಾಗಿಲ್ಲ. ಜನ ಹಗುರಾದ್ರು. ಹಾಗಾದ್ರೆ ಹಾಡು ಬಂದದ್ದು ಎಲ್ಲಿಂದ?" ಅಂತ ರಾಜ ಕೇಳಿದ.

"ಜನರ ಎದೆಯಿಂದ," ಅಂದಿತು ತಕ್ಕಡಿ.

"ಕೇಳಿ ತಗೊಂಡ್ರಾ?"

"ಕೇಳಲಿಲ್ಲ."

"ಹಾಗಾದ್ರೆ ಕಳ್ಳತನ," ಅಂದ ರಾಜ. ಮೂವರನ್ನೂ ಹಿಡಿದು ತಂದರು.

ಜನ ತಮ್ಮ ಪರ ನಿಲ್ಲುತ್ತಾರೆ ಅಂತ ಕೆಂಚಿಗೆ ಧೈರ್ಯವಿತ್ತು. ಅರ್ಧ ಜನ ನಿಂತರು. ಹುಡುಗ ಹುಡುಗಿಯರೇ ಹೆಚ್ಚು. "ನಮಗೆ ವಾಪಸ್ ಬೇಡ" ಅಂದರು. ಇನ್ನರ್ಧ ಜನ ಮುಖ ಗಂಟುಹಾಕಿಕೊಂಡಿದ್ದರು. ಅವರ ಮುಂದೆ ನಿಂತವಳು ಸಣ್ಣೀರಮ್ಮ, ಸೊಂಟಕ್ಕೆ ಒರಳುಕಲ್ಲು ಕಟ್ಟಿಕೊಂಡೇ.

"ಕುಣಿದೆ, ಚೆನ್ನಾಗಿತ್ತು. ಇಲ್ಲ ಅನ್ನಲ್ಲ," ಅಂದಳು ಮುದುಕಿ. "ಮಾರನೇ ದಿನ ಎದ್ದು ಎದೆ ತಡವಿ ನೋಡ್ತೀನಿ, ನಮ್ಮೆಜಮಾನ್ರು ಇಲ್ಲ. ಅವರ ಮುಖ ಹೋಯ್ತು, ದನಿ ಹೋಯ್ತು. ನಲವತ್ತು ವರ್ಷದಿಂದ ಆ ಭಾರ ಒಂದೇ ನನ್ನ ಜೊತೆ ಸಂಸಾರ ಮಾಡ್ತಿತ್ತು. ಕೊಟ್ಬಿಡವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಬೀಳಲು ಹೋದಳು. ಹಗುರಾಗಿದ್ದಳಲ್ಲ, ಬೀಳಲು ಆಗಲಿಲ್ಲ. ಕೆಂಚಿ ತಲೆ ತಗ್ಗಿಸಿದಳು. ಹಾಡು ಬರೆಯುವಾಗ ಇದನ್ನು ಅವಳು ಯೋಚಿಸಿರಲಿಲ್ಲ.

"ಅಷ್ಟು ತೂಕದ ಕಲ್ಲು ನಾವೇ ಹೊತ್ತು ತರ್ತೀವಿ ಮಹಾಸ್ವಾಮಿ," ಅಂದ ಉಗ್ರಪ್ಪ.

"ಕಲ್ಲು ಸತ್ತವರ ಲೆಕ್ಕಕ್ಕೆ. ಯಾರು ಸತ್ತರು?" ಅಂತ ತಕ್ಕಡಿ ಕೇಳಿತು.

"ಯಾರೂ ಸತ್ತಿಲ್ಲ."

"ಹಾಗಾದ್ರೆ ಕಲ್ಲಿಲ್ಲ. ಪ್ಲೇಟನ್ನು ಹಿಂದುಮುಂದಾಗಿ ತಿರುಗಿಸಿ. ಹೋದ ದಾರೀಲೇ ಬರುತ್ತೆ."

ತಿರುಗಿಸಿದರು. ಹಾಡೆಲ್ಲ ಬಾಲದಿಂದ ತಲೆಗೆ ಓಡಿತು. ಗ್ರಾಮಫೋನಿನ ಕಹಳೆಯಿಂದ ಭಾರ ಹೊರಗೆ ಬರತೊಡಗಿತು. ಆದರೆ ಭಾರಕ್ಕೆ ಕಣ್ಣಿದೆಯೇ? ಎದುರು ಸಿಕ್ಕವರ ಮೇಲೆ ಕೂತುಬಿಟ್ಟಿತು. ಊರಿನ ಶಾಲೆ ಮೇಷ್ಟರೊಬ್ಬರ ಹಳೇ ಅವಮಾನ ಒಂದು ಎಮ್ಮೆಯ ಮೇಲೆ ಬಿತ್ತು. ಆ ಎಮ್ಮೆ ಮತ್ತೆಂದೂ ಕೆರೆಗಿಳಿಯಲಿಲ್ಲ, ನೀರಲ್ಲಿ ತನ್ನ ಮುಖ ಕಂಡೀತು ಅಂತ. ಸಣ್ಣೀರಮ್ಮ ಸೆರಗು ಒಡ್ಡಿ ಮುಂದೆಯೇ ನಿಂತಿದ್ದಳು. ಅವಳ ದುಃಖ ಅವಳ ತಲೆ ಮೇಲಿಂದ ಹಾದು ಹೋಗಿ, ಎಂಟು ದಿನದ ಹಿಂದೆ ಮದುವೆಯಾಗಿದ್ದ ಮದುಮಗನ ಎದೆಗೆ ಬಿತ್ತು. ಅವನು ಎದೆ ಬಡಿದುಕೊಂಡು, "ಅಯ್ಯೋ ನಮ್ಮೆಜಮಾನ್ರೇ!" ಅಂತ ಅತ್ತ.

"ಅದು ನಂದಪ್ಪ, ಕೊಡಪ್ಪ," ಅಂತ ಮುದುಕಿ ಅಂಗಲಾಚಿದಳು.

"ಕೊಡಲ್ಲ. ನಲವತ್ತು ವರ್ಷ ಎದೇಲಿ ಬಾಳಿದ ಗಂಡನ್ನ ಬಿಟ್ಟುಕೊಡ್ಲಾ?" ಅಂದ ಮದುಮಗ. ಅವನ ಹೆಂಡತಿ ಪಕ್ಕದಲ್ಲಿ ಅರಿಶಿನದ ಕೈ ಬಾಯಿಗೆ ಹಿಡಿದು ನಿಂತಿದ್ದಳು.

ರಾಜನಿಗೆ ಯಾರದು ಯಾರಿಗೆ ಹೋಯಿತು ಅನ್ನುವುದು ಬೇಕಿರಲಿಲ್ಲ. ಒಟ್ಟು ತೂಗಿಸಿದ. ಮೂರು ಮಣ ಬಂದಿತ್ತು. ವಾಪಸ್ ಬೇಡ ಅಂದ ಹುಡುಗ ಹುಡುಗಿಯರು ಪ್ಲೇಟು ತಿರುಗಿಸುವ ಮೊದಲೇ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಅವರ ಒಂದು ಮಣ ಕಹಳೆಯಲ್ಲೇ ಕೂತು ಗುರ್ರ್ ಅನ್ನುತ್ತಿತ್ತು.

"ಉಳಿದದ್ದನ್ನು ಹಾಡು ಮಾಡಿದವರು ಹೊರಬೇಕು," ಅಂದ ರಾಜ.

"ಮೂವರೂ ಹಂಚಿಕೊಂಡು ಹೊರ್ತೀವಿ," ಅಂದಳು ಕೆಂಚಿ.

"ಒಂದು ಮಣಕ್ಕೆ ನಲವತ್ತು ಸೇರು," ಅಂದಿತು ತಕ್ಕಡಿ. "ಮೂರು ಪಾಲು ಮಾಡಿದ್ರೆ ಒಂದು ಸೇರು ಮಿಗುತ್ತೆ. ಮಿಗೋದು ನಂಗಾಗಲ್ಲ. ಒಬ್ಬರೇ ಹೊರಲಿ. ಯಾರು ಎಲ್ಲರಿಗಿಂತ ಹಗುರವೋ ಅವರು. ಅವರಲ್ಲೇ ಜಾಗ ಜಾಸ್ತಿ."

ಒಂದು ಮಣ ಅಂದರೆ ಒಬ್ಬರದಲ್ಲ, ಹತ್ತಾರು ಎದೆಯ ಭಾರ. ಹೊತ್ತವರು ಉಳಿಯುವುದಿಲ್ಲ ಅಂತ ಕೆಂಚಿಗೆ ಗೊತ್ತಾಯಿತು. ಮಾತು ಬರೆದವಳು ನಾನು, ಹೊರಬೇಕಾದವಳೂ ನಾನೇ ಅಂದುಕೊಂಡಳು. ಕಿವಿಯೋಲೆ ಬಿಚ್ಚಿ ಎಸೆದಳು. ಬಳೆ ಒಡೆದಳು. ಕಾವಲುಗಾರನ ಕತ್ತಿಗೆ ಜಡೆಯೊಡ್ಡಿ ಕೊಯ್ದುಕೊಂಡಳು. ತಕ್ಕಡಿ ಹತ್ತಿದಳು. ತಟ್ಟೆ ಅರ್ಧಕ್ಕೆ ನಿಂತಿತು.

ಉಗ್ರಪ್ಪ ಹತ್ತಿದ. ತಟ್ಟೆ ದಡ್ಡನೆ ನೆಲಕ್ಕೆ ಕೂತಿತು. ಅವನ ಸೊಂಟದ ಪಂಚೆಯೊಳಗೆ ಕಲ್ಲು ಕಟಕಟ ಅಂದದ್ದು ಕೆಂಚಿಗೆ ಕೇಳಿಸಿತು. ಅವಳು ಅವನ ಮುಖ ನೋಡಿದಳು. ಅವನು ತನ್ನ ಹೆಬ್ಬೆರಳು ನೋಡಿಕೊಂಡ. ಅವಳು ಬಾಯಿ ಬಿಡಲಿಲ್ಲ.

ಓಬಣ್ಣ ಹತ್ತಿದ. ತಟ್ಟೆ ಕೆಂಚಿಯದಕ್ಕಿಂತ ಒಂದು ಬೆರಳು ಕೆಳಗೆ ನಿಂತಿತು. ಕೆಂಚಿ ಉಸಿರು ಬಿಟ್ಟಳು. ಆಗ ಓಬಣ್ಣ ಸೊಂಟದಿಂದ ಎರಡು ಕೋಲು ತೆಗೆದ. ತಕ್ಕಡಿಯ ಅಂಚಿನ ಮೇಲೆ ಒಂಬತ್ತನೆಯ ಹಾಡು ಬಾರಿಸತೊಡಗಿದ.

"ಬೇಡ ಕಣೋ!" ಅಂತ ಕೆಂಚಿ ಚೀರಿದಳು.

ಅವನು ಬಾರಿಸುತ್ತಲೇ ಇದ್ದ. ಒಂದೊಂದು ಏಟಿಗೂ ದುರುಗಕ್ಕ ಅವನೊಳಗಿಂದ ಸ್ವಲ್ಪ ಸ್ವಲ್ಪವೇ ಹೊರಬಿದ್ದು ಕಹಳೆಯೊಳಗೆ ಹೋದಳು. ಅವಳು ಅಂಬಲಿ ಕಾಸಿದ್ದು ಹೋಯಿತು. ತಲೆಗೆ ಎಣ್ಣೆ ತಟ್ಟಿದ್ದು ಹೋಯಿತು. ಜ್ವರದಲ್ಲಿ "ಉಂಡೆಯೇನೋ" ಅಂತ ಕೇಳಿದ್ದು ಹೋಯಿತು. ತಟ್ಟೆ ಏರಿತು, ಏರಿತು, ಕೆಂಚಿಯ ಗುರುತು ದಾಟಿ ಮೇಲೆ ನಿಂತಿತು.

"ಇವನೇ," ಅಂದಿತು ತಕ್ಕಡಿ.

ಕಹಳೆಯನ್ನು ಅವನ ಎದೆಗೆ ಹಿಡಿದರು. ಭಾರ ಇಳಿಯಿತು. ಓಬಣ್ಣ ಅರಮನೆಯ ಅಂಗಳದಲ್ಲಿ ನಿಂತಲ್ಲೇ ನೆಲದೊಳಗೆ ಹೂತುಕೊಳ್ಳತೊಡಗಿದ. ಕಾಲ ಗಂಟು ಹೋಯಿತು, ಮೊಣಕಾಲು ಹೋಯಿತು. ಕೆಂಚಿ ಓಡಿಬಂದು ಅವನ ಕಂಕುಳಿಗೆ ಕೈಕೊಟ್ಟು ಎಳೆದಳು. ಬಾವಿಯನ್ನೇ ಎಳೆದ ಹಾಗಿತ್ತು.

"ಕೆಂಚಿ, ಎರಡನೇ ಹಾಡು ಒಂಚೂರು ನಿಧಾನ ಆಯ್ತಲ್ವಾ?" ಅಂತ ಓಬಣ್ಣ ಕೇಳಿದ. ಆಗಲೇ ಸೊಂಟದವರೆಗೂ ಮಣ್ಣೊಳಗಿದ್ದ.

"ಇಲ್ಲ ಕಣೋ. ಸರಿಯಾಗಿತ್ತು."

"ಸುಳ್ಳಿ."

"ಒಂಚೂರು ನಿಧಾನ ಇತ್ತು," ಅಂದಳು ಕೆಂಚಿ.

"ಹ್ಞಾಂ. ನಂಗೊತ್ತಿತ್ತು," ಅಂತ ನಕ್ಕ. ಎದೆ ಹೋಯಿತು, ಗಲ್ಲ ಹೋಯಿತು. ಕೊನೆಗೆ ಎರಡು ಕೋಲು ಮೇಲೆ ಕಂಡವು. ಆಮೇಲೆ ಅವೂ ಹೋದವು.

ರಾಜ ಊರನ್ನು ಇನ್ನೊಮ್ಮೆ ತೂಗಿಸಿದ. ಗುಲಗಂಜಿಯಷ್ಟೂ ವ್ಯತ್ಯಾಸವಿರಲಿಲ್ಲ. ಸಂತೋಷಪಟ್ಟು, ಹೋಳಿಗೆ ತೂಗಿ ಹಂಚಿಸಿದ. ಆಸ್ಥಾನದ ಪಂಡಿತರು ಬಂದು ಪ್ಲೇಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದರು. "ತೂಕದ ಕೃತಿ," ಅಂದರು. ಅದಕ್ಕೆ ರೇಷ್ಮೆ ಹೊದಿಸಿ ಗೂಟಕ್ಕೆ ನೇತುಹಾಕಿದರು. ಯಾರೂ ಗ್ರಾಮಫೋನಿಗೆ ಹಾಕಕೂಡದು, ಯಾರೂ ಕುಣಿಯಕೂಡದು, ಬೇಕಾದವರು ಕೈಮುಗಿದು ಹೋಗಬಹುದು ಅಂತ ಅಪ್ಪಣೆಯಾಯಿತು. ಜನ ಸಾಲುಗಟ್ಟಿ ಬಂದು ಕೈಮುಗಿದರು. ಹತ್ತಿ ತುರುಕಿಕೊಂಡಿದ್ದ ಹುಡುಗ ಹುಡುಗಿಯರೂ ಬಂದರು.

ಕೆಂಚಿ ಸುಣ್ಣದ ಗೂಡಿನಲ್ಲಿ ಗಿಟಾರು ಗಂಟುಕಟ್ಟುತ್ತಿದ್ದಾಗ ಉಗ್ರಪ್ಪ ಬಂದು ಬಾಗಿಲಲ್ಲಿ ನಿಂತ.

"ನನ್ನ ಸೊಂಟದಲ್ಲಿ ಕಲ್ಲಿತ್ತು," ಅಂದ.

"ಗೊತ್ತು."

"ಕ್ಷಮಿಸ್ತೀಯಾ?"

"ಇಲ್ಲ," ಅಂದಳು ಕೆಂಚಿ. "ಬಾಸ್ ಎತ್ಕೋ. ನಡಿ."

ಇಬ್ಬರೂ ಗಡಿ ದಾಟಿದರು. ಮೂರು ದಿನ ನಡೆದರು. ಯಾರೂ ಏನನ್ನೂ ತೂಗದ ಒಂದು ಊರು ಸಿಕ್ಕಿತು. ಅಲ್ಲಿನ ಛತ್ರದ ಜಗಲಿಯ ಮೇಲೆ ನಿಂತು ಒಂಬತ್ತು ಹಾಡನ್ನೂ ಹಾಡಿದರು. ಡ್ರಮ್ಮು ಬೀಳಬೇಕಾದ ಕಡೆಯೆಲ್ಲ ಕೆಂಚಿ ಬಾಯಿ ಮುಚ್ಚಿ, ಅಷ್ಟು ಹೊತ್ತು ಜಾಗ ಖಾಲಿ ಬಿಟ್ಟಳು. ಬೇಕಂತ ಬಿಟ್ಟದ್ದಲ್ಲ. ಅವಳಿಂದ ಆಗಲಿಲ್ಲ.

ಆ ಊರಿನವರು ಅದನ್ನೇ ಹೊಸ ಶೈಲಿ ಅಂದುಕೊಂಡರು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಖಾಲಿ ಜಾಗವೇ. ಸರಿಯಾಗಿ ಅಲ್ಲಿಗೇ ಕಾದಿದ್ದು ಚಪ್ಪಾಳೆ ಹೊಡೆದರು, ಸಿಳ್ಳೆ ಹಾಕಿದರು. ಎರಡನೆಯ ಹಾಡಿನಲ್ಲಿ ಅವರ ಚಪ್ಪಾಳೆ ಒಂಚೂರು ನಿಧಾನವಾಯಿತು. ಕೆಂಚಿ ಕಣ್ಣು ಮುಚ್ಚಿಕೊಂಡು, ಆ ನಿಧಾನಕ್ಕೇ ಹೊಂದಿಕೊಂಡು ಹಾಡಿದಳು.

ನೀತಿ ಏನು ಅಂತೀರಾ? ನೀತಿ ಇಲ್ಲದೆ ಏಳೋದಿಲ್ಲವಾ? ಸರಿ, ತಗೊಳ್ಳಿ: ಎದೆ ಹಗುರಾದರೆ ಯಾರ ಹತ್ತಿರವೂ ಹೇಳಬೇಡಿ. ಕೇಳಿದರೆ ಸೊಂಟ ಹಿಡಿದುಕೊಂಡು "ಅಯ್ಯೋ ಭಾರ, ಅಯ್ಯೋ ಭಾರ" ಅಂತ ನರಳಿ.

ಅವರ ಹಾಡು ಅವರ ಬಾಯಲ್ಲಿ, ನಮ್ಮ ಕತೆ ನಿಮ್ಮ ಕಿವೀಲಿ. ಏಳಿ ಇನ್ನು. ನೆಲ ಮೆಲ್ಲಗೆ ತುಳಿಯಿರಿ.