ನಾಲ್ಕು ಮನೆಗೆ ಒಂದೇ ಮೀಟರು

ದಾವಣಗೆರೆಯ ಒಂದು ವಠಾರದಲ್ಲಿ ನಾಲ್ಕು ಬಾಡಿಗೆ ಮನೆಗಳಿದ್ದವು. ನೀರಿನ ಮೀಟರು ಮಾತ್ರ ಒಂದೇ. ಬಿಲ್ಲು ಬಂದಾಗ ಮಾಲೀಕ ಚನ್ನವೀರಪ್ಪ ಅದನ್ನು ನಾಲ್ಕು ಪಾಲು ಮಾಡುತ್ತಿದ್ದ. ಯಾರದೂ ತಕರಾರಿರಲಿಲ್ಲ.

ಒಂದು ತಿಂಗಳು ಬಿಲ್ಲು ಇದ್ದಕ್ಕಿದ್ದಂತೆ ದುಪ್ಪಟ್ಟಾಯಿತು. ಎಲ್ಲರ ಕಣ್ಣೂ ಕೊನೆಯ ಮನೆಯ ಹಾಲಮ್ಮನ ಮೇಲೆ ಬಿತ್ತು. ಆಕೆ ಒಂಟಿ ಹೆಂಗಸು, ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕುವವಳು. ಹಿಟ್ಟು ನಾದಲು ನೀರು ಬೇಕಲ್ಲ ಎಂದರು ಒಬ್ಬರು. ಹಿಟ್ಟಿಗೆ ಎಷ್ಟು ನೀರು ಬೇಕಾದೀತು ಎಂದು ಯಾರೂ ಕೇಳಲಿಲ್ಲ. ಪಕ್ಕದ ಮನೆಯ ತಿಪ್ಪೇಸ್ವಾಮಿ ಮೇಷ್ಟ್ರು ಕಿಟಕಿಯಲ್ಲಿ ಕೂತು ಆಕೆಯ ಕೊಡ ಎಣಿಸತೊಡಗಿದರು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆಕೆ ಎರಡು ಕೊಡ ಒಯ್ದರೆ ವಠಾರದಲ್ಲಿ ನಾಲ್ಕೆಂದು ಸುದ್ದಿಯಾಗುತ್ತಿತ್ತು.

ಕೊನೆಗೆ ಚನ್ನವೀರಪ್ಪ ಮನೆ ಖಾಲಿ ಮಾಡು ಎಂದ. ಹಾಲಮ್ಮ ಒಂದೇ ಒಂದು ಮಾತು ಕೇಳಿಕೊಂಡಳು.

“ನೀರು ಬಿಟ್ಟಾಗ ನಾಲ್ಕೂ ಮನಿಯವ್ರು ಹತ್ತು ನಿಮಿಷ ನಲ್ಲಿ ಬಂದ್ ಮಾಡ್ರಿ. ಆಗ್ಲೂ ಮೀಟ್ರು ತಿರುಗಿದ್ರೆ ನೀರು ಬ್ಯಾರೆ ಎಲ್ಲೋ ಸೋರ್ತೈತಿ.”

ಆದರೆ ಅಲ್ಲಿ ನೀರು ಬರುವುದೇ ಮೂರು ದಿನಕ್ಕೊಮ್ಮೆ. ನಾವು ಬಂದ್ ಮಾಡಿದಾಗ ಆಕೆ ತುಂಬಿಕೊಂಡರೆ ಏನು ಗತಿ ಎಂದು ಮೇಷ್ಟ್ರು ಒಪ್ಪಲಿಲ್ಲ. ಮೇಷ್ಟ್ರೇ ಬಂದ್ ಮಾಡದಿದ್ದರೆ ನಾವ್ಯಾಕೆ ಮಾಡಬೇಕು ಎಂದು ಉಳಿದವರೂ ಒಪ್ಪಲಿಲ್ಲ. ಹಾಲಮ್ಮ ಹಂಚು, ಹಿಟ್ಟಿನ ಚೀಲ ಆಟೋದಲ್ಲಿ ಹಾಕಿಕೊಂಡು ಹೊರಟುಹೋದಳು. ಪಾಪ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಗೆ ಸಿಕ್ಕಿದ್ದು ಒಂದು ತಗಡಿನ ಮನೆ.

ಮುಂದಿನ ಬಿಲ್ಲು ಮತ್ತೂ ಹೆಚ್ಚಾಗಿ ಬಂತು. ಈಗ ಉಳಿದವರು ಮೇಷ್ಟ್ರನ್ನೇ ಓರೆಗಣ್ಣಿನಿಂದ ನೋಡತೊಡಗಿದರು. ತಮ್ಮ ಬುಡಕ್ಕೆ ಬಂದಾಗ ಮೇಷ್ಟ್ರಿಗೆ ಬುದ್ಧಿ ಬಂತು. ನಲ್ಲಿ ಬಂದ್ ಮಾಡೋಣ ಎಂದು ಅವರೇ ಕೈಮುಗಿದು ಕೇಳಿಕೊಂಡರು. ಎಲ್ಲ ನಲ್ಲಿಗಳೂ ಬಂದಾದವು. ಮೀಟರು ತಿರುಗುತ್ತಲೇ ಇತ್ತು. ಅಗೆದು ನೋಡಿದರೆ ಅಂಗಳದ ಚಪ್ಪಡಿ ಕಲ್ಲಿನ ಕೆಳಗೆ ಪೈಪು ಒಡೆದಿತ್ತು.

ಚನ್ನವೀರಪ್ಪ ಹಾಲಮ್ಮನ ಹೊಸ ಮನೆಗೆ ಹೋಗಿ, ತಪ್ಪಾಯಿತು, ವಾಪಸು ಬಾ ಎಂದು ಕರೆದ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಆರು ವರ್ಷ ಒಂದೇ ಅಂಗಳದಾಗ ಇದ್ವಿ, ಅಣ್ಣಾರೆ. ಹತ್ತು ನಿಮಿಷ ನನ್ನ ನಂಬಾಕ ಆಗ್ಲಿಲ್ಲ ನಿಮಗ. ಇನ್ನ ಯಾವ ಧೈರ್ಯದ ಮ್ಯಾಲೆ ಬರ್ಲಿ?”

ಚನ್ನವೀರಪ್ಪ ಬಂದ ದಾರಿಯಲ್ಲೇ ಹಿಂದಿರುಗಿದ.

ನೀತಿ: ಕಳ್ಳರನ್ನು ಹುಡುಕುವ ಮೊದಲು ಕಳವು ಆಗಿದೆಯೋ ಇಲ್ಲವೋ ನೋಡಿಕೊಳ್ಳಿ. ತಪ್ಪಿಲ್ಲದವರನ್ನು ಹೊರಗೆ ಹಾಕಿದ ಮೇಲೆ ನಿಜ ತಿಳಿದರೂ ಅದರಿಂದ ಅವರಿಗೆ ಏನೂ ಉಪಯೋಗವಿಲ್ಲ.